ಅಕ್ಕಿ ಡಬ್ಬಿಯೊಳಗಿನ ಕತ್ತರಿ

ನಮ್ಮ ಮನೆಯಲ್ಲಿ ಗಿಡ ಕತ್ತರಿಸುವ ಕತ್ತರಿ ಎಲ್ಲಿತ್ತು ಗೊತ್ತೆ? ಅಕ್ಕಿ ಡಬ್ಬಿಯಲ್ಲಿ. ಅಕ್ಕಿಯ ಮೇಲಲ್ಲ, ಅಕ್ಕಿಯೊಳಗೆ, ತಳದಲ್ಲಿ. ಬಚ್ಚಿಟ್ಟವರು ನಮ್ಮ ಅತ್ತೆ ಸುವಾರ್ತಮ್ಮ. ಯಾರಿಂದ? ಸ್ವಂತ ಮಗಳಿಂದ, ಅಂದರೆ ನನ್ನ ಹೆಂಡತಿಯಿಂದ.

ಜಗಳದ ಮೂಲ ಹಿತ್ತಿಲಲ್ಲಿದೆ. ಪುಣೆಯ ಖಡಕಿಯಲ್ಲಿನ ನಮ್ಮ ಬಾಡಿಗೆ ಮನೆಗೆ ಹಿತ್ತಿಲು ಅಂತ ಇರುವುದು ಎರಡು ಮಂಚ ಹಾಕುವಷ್ಟು ಜಾಗ. ಧಾರವಾಡದಲ್ಲಿ ಮಾಸ್ತರಿಕೆ ಮುಗಿಸಿ, ಅತ್ತೆಯನ್ನು ಕರೆದುಕೊಂಡು ಮಗಳ ಮನೆಗೆ ಬಂದ ನಮ್ಮ ಮಾವ, ಅಲ್ಲಿ ಒಂದು ದ್ರಾಕ್ಷಿ ಕಡ್ಡಿ ನೆಟ್ಟರು. ಕಡ್ಡಿ ಚಿಗುರಿತು. ಮಾವ ಆ ಮಳೆಗಾಲದಲ್ಲೇ ತೀರಿಕೊಂಡರು.

ನಮ್ಮದು ಕ್ರೈಸ್ತ ಮನೆತನ. (ಹೊಸ ಓದುಗರಿಗಾಗಿ ಹೇಳಿದೆ. ಹಳಬರು ಪ್ರತಿ ಡಿಸೆಂಬರಿನಲ್ಲಿ ನನ್ನ ಕೇಕಿನ ಪುರಾಣ ಸಹಿಸಿಕೊಂಡೇ ಬಂದಿದ್ದಾರೆ.) ನಮ್ಮಲ್ಲಿ ಸಾವಿನ ಮನೆಯಲ್ಲಿ ಎದೆ ಬಡಿದುಕೊಂಡು ಅಳುವಂತಿಲ್ಲ. ಹಾಡಬೇಕು, ಪ್ರಾರ್ಥಿಸಬೇಕು. ಅವತ್ತು ನಮ್ಮ ಕನ್ನಡ ಸಭೆಯ ಪಾಸ್ಟರು ಅತ್ತೆಯ ತಲೆಯ ಮೇಲೆ ಕೈಯಿಟ್ಟು, "ಅಳಬ್ಯಾಡ್ರಿ ಅಮ್ಮಾರ. ನಿರೀಕ್ಷೆ ಇಲ್ಲದವರು ಅಳ್ತಾರ. ಮಾಸ್ತರು ಕರ್ತನ ಹತ್ರ ಹೋಗ್ಯಾರ" ಅಂದರು.

"ಹೌದ್ರಿ ಅಯ್ಯನವರ" ಅಂದರು ಅತ್ತೆ. ಅಳಲಿಲ್ಲ. ಬಂದವರೆಲ್ಲ ಎಂಥ ವಿಶ್ವಾಸ, ಎಂಥ ವಿಶ್ವಾಸ ಅಂತ ಹೊಗಳಿ, ಚಹಾ ಕುಡಿದು ಹೋದರು.

ಅಲ್ಲಿಂದ ನಾಲ್ಕು ವರ್ಷ. ಬಳ್ಳಿ ಚಪ್ಪರ ಮೀರಿ, ಬಚ್ಚಲಿನ ತಗಡು ಹತ್ತಿ, ಪಕ್ಕದ ಮನೆಯವರು ಬಟ್ಟೆ ಒಣಗಿಸುವ ತಂತಿಗೂ ಕೈ ಹಾಕಿತು. ಎಲೆಯೋ ಎಲೆ. ಕಾಯಿ? ಒಂದೂ ಇಲ್ಲ. ಛಾಟಣಿ ಮಾಡದೆ ಕಾಯಿ ಎಲ್ಲಿಂದ ಬರಬೇಕು ಅಂತ ಪಕ್ಕದ ಮನೆಯ ಶಿಂದೆ ವಹಿನಿ ಮರಾಠಿಯಲ್ಲಿ ಕೇಳುತ್ತಲೇ ಇದ್ದರು. ಛಾಟಣಿ ಅಂದರೆ ಕಡ್ಡಿ ಸವರುವುದು. ದ್ರಾಕ್ಷಿಗೆ ಅಕ್ಟೋಬರಿನಲ್ಲಿ ಕತ್ತರಿ ಬೀಳಲೇಬೇಕು. ಪುಣೆಯ ಸುತ್ತಮುತ್ತ ಇದು ಎಲ್ಲರಿಗೂ ಗೊತ್ತು. ಅತ್ತೆಗೂ ಗೊತ್ತು. ಆದರೆ ಮಾವ ಕೈಯಾರೆ ನೆಟ್ಟದ್ದಕ್ಕೆ ಕಬ್ಬಿಣ ಮುಟ್ಟಿಸಲು ಅವರು ಬಿಡಬೇಕಲ್ಲ?

ಹಣ್ಣಿನ ಆಸೆ ಎಲ್ಲರಿಗಿಂತ ಹೆಚ್ಚು ಅವರಿಗೇ ಇತ್ತು. ನಮ್ಮ ಸಭೆಯಲ್ಲಿ ವರ್ಷಕ್ಕೊಮ್ಮೆ ಪ್ರಥಮ ಫಲದ ಆರಾಧನೆ ನಡೆಯುತ್ತದೆ. ಹಿತ್ತಿಲಲ್ಲಿ ಮೊದಲು ಬಿಟ್ಟದ್ದನ್ನು ತಂದು ದೇವರ ಮುಂದೆ ಇಡಬೇಕು. ಮಾವನ ಬಳ್ಳಿಯ ಒಂದು ಗೊಂಚಲಾದರೂ ಅಲ್ಲಿಡಬೇಕು ಅಂತ ಅತ್ತೆಯ ಹಂಬಲ. ಪ್ರತಿ ವರ್ಷ ಮಂಡೈ ಮಾರ್ಕೆಟ್ಟಿನಿಂದ ಕೊಂಡ ಕುಂಬಳಕಾಯಿ ಇಟ್ಟು, ತಲೆ ತಗ್ಗಿಸಿ ಬರುತ್ತಿದ್ದರು. (ಅರ್ಧ ಸಭೆ ಇಡುವುದು ಮಂಡೈ ಕುಂಬಳವನ್ನೇ. ತಲೆ ತಗ್ಗಿಸುವವರು ಅತ್ತೆ ಒಬ್ಬರೇ.)

ಬೇರೆಯವರ ಮನೆಯಲ್ಲಿ ಗಿಡದ ಜಗಳ ಗಿಡದಲ್ಲೇ ಮುಗಿಯುತ್ತದೆ. ನಮ್ಮಲ್ಲಿ ದೇವರ ವಾಕ್ಯಕ್ಕೆ ಹೋಗುತ್ತದೆ. ನನ್ನ ಹೆಂಡತಿ ಕರುಣಾಳ ವಾದ: ಫಲ ಕೊಡುವ ಕೊಂಬೆಯನ್ನೂ ತೋಟಗಾರ ಸವರುತ್ತಾನೆ ಅಂತ ಯೇಸುಸ್ವಾಮಿಯೇ ಹೇಳಿದ್ದಾನೆ, ಅದೂ ದ್ರಾಕ್ಷಿಬಳ್ಳಿಯ ವಿಷಯದಲ್ಲೇ. ಅತ್ತೆ ಸುಮ್ಮನಿರುತ್ತಾರೆಯೇ? ಹಣ್ಣು ಬಿಡದ ಮರ ಕಡಿಯಲು ಬಂದ ಯಜಮಾನನಿಗೆ ಆಳುಮನುಷ್ಯ, ಇದೊಂದು ವರ್ಷ ತಡೀರಿ, ಗೊಬ್ಬರ ಹಾಕಿ ನೋಡ್ತೀನಿ ಅಂದನಲ್ಲ, ಆ ಕಥೆ ಹೇಳಿದ್ದು ಯಾರು? ಅದೇ ಸ್ವಾಮಿ!

"ಅದು ಅಂಜೂರದ ಗಿಡದ ಮಾತು, ಅವ್ವಾ."

"ಗೊಬ್ಬರ ಎಲ್ಲಾ ಗಿಡಕ್ಕೂ ಒಂದ."

"ಬುಕ್ ಮಾಡಿದ ಸ್ಕೂಟರ್ ಬಂದರೂ ಬಂದೀತು, ಈ ಬಳ್ಳಿಯೊಳಗ ದ್ರಾಕ್ಷಿ ಬರೂದಿಲ್ಲ!"

(ಸ್ಕೂಟರಿಗೆ ಹೆಸರು ಹಚ್ಚಿ ಐದನೇ ವರ್ಷ ನಡೆದಿದೆ. ಅದನ್ನು ಈ ಜಗಳಕ್ಕೆ ಎಳೆಯುವ ಅಗತ್ಯವಿರಲಿಲ್ಲ.)

ಕಳೆದ ಅಕ್ಟೋಬರಿನಲ್ಲಿ ಕರುಣಾ ಪಾಸ್ಟರನ್ನೇ ಚಹಾಕ್ಕೆ ಕರೆದಳು, ತೀರ್ಪು ಕೊಡಲಿ ಅಂತ. ಅವರು ಬಳ್ಳಿ ನೋಡಿದರು. ತಾಯಿಯನ್ನು ನೋಡಿದರು. ಮಗಳನ್ನು ನೋಡಿದರು. ಇನ್ನೊಂದು ಚಕ್ಕುಲಿ ತೆಗೆದುಕೊಂಡರು.

"ಎರಡೂ ವಾಕ್ಯ ಖರೇನ ಅವ" ಅಂದರು. ಹೊರಡುವಾಗ ರೂಢಿಯಂತೆ ಒಂದು ಮಾತು ಸೇರಿಸಿದರು: "ಅಮ್ಮಾರ ವಿಶ್ವಾಸ ಭಾಳ ದೊಡ್ಡದು. ಅವತ್ತು ಒಂದು ಹನಿ ಕಣ್ಣೀರು ಹಾಕಲಿಲ್ಲ ನೋಡ್ರಿ. ಎಲ್ಲಾರಿಗೂ ಹೇಳ್ತಿರ್ತೇನಿ."

ಅತ್ತೆ ಚಹಾದ ಕಪ್ಪು-ಬಸಿ ಎತ್ತಿಕೊಂಡು ಒಳಗೆ ಹೋದರು. ಪಾಸ್ಟರ ಸೈಕಲ್ ಓಣಿ ದಾಟುವಷ್ಟರಲ್ಲಿ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿತು. ಕತ್ತರಿ ಹಿಡಿದು ಹೊರಗೆ ಬಂದರು. ಅದರ ಸಂದಿಯಲ್ಲಿ ಇನ್ನೂ ಅಕ್ಕಿಕಾಳು ಸಿಕ್ಕಿಕೊಂಡಿದ್ದವು. ಸ್ಟೂಲ್ ಹತ್ತಿ ಒಂದೊಂದೇ ಕಡ್ಡಿ ಕತ್ತರಿಸತೊಡಗಿದರು. ಶಿಂದೆ ವಹಿನಿ ಗೋಡೆಯಾಚೆಯಿಂದ ಎಲ್ಲೆಲ್ಲಿ ಅಂತ ಬೆರಳು ಮಾಡಿ ತೋರಿಸಿದರು. ಕರುಣಾ ಬಾಗಿಲಲ್ಲೇ ನಿಂತಳು. ನಾಲ್ಕು ವರ್ಷ ಕತ್ತರಿ ಕತ್ತರಿ ಅಂತ ಕೂಗಾಡಿದವಳು ಈಗ ಹೊಸ್ತಿಲು ದಾಟಲಿಲ್ಲ.

ಸಂಜೆಗೆ ಹಿತ್ತಿಲು ಬಯಲಾಯಿತು. ಕತ್ತರಿಸಿದ ತುದಿಗಳಿಂದ ನೀರು ತೊಟ್ಟಿಕ್ಕತೊಡಗಿತು. ಮಣ್ಣಿನಲ್ಲಿ ನೀರಿದ್ದರೆ ದ್ರಾಕ್ಷಿ ಹಾಗೆ ಸುರಿಸುತ್ತದಂತೆ. ನನಗೇನು ಗೊತ್ತು? ಬಳ್ಳಿ ಸತ್ತೇಹೋಯಿತು ಅಂತ ಗಾಬರಿಯಾಗಿ ಬಟ್ಟೆ ಸುತ್ತಲು ಹೋದೆ.

"ಬಿಡ್ರಿ ಅಳಿಯಂದ್ರ" ಅಂದರು ಅತ್ತೆ. "ಅಳ್ಲಿ. ಇದಕ್ಕ ಯಾರೂ ಅಳಬ್ಯಾಡ ಅಂತ ಹೇಳಿಲ್ಲ."

ಅಷ್ಟು ಹೇಳಿದವರೇ ಸ್ಟೂಲಿನ ಮೇಲೆ ಕೂತು ಅತ್ತರು. ಸಣ್ಣಗಲ್ಲ, ಓಣಿಗೆಲ್ಲ ಕೇಳುವ ಹಾಗೆ. "ಮಾಸ್ತರ್ರ, ನನ್ನ ಬಿಟ್ಟು ಹೋದ್ರಲ್ಲ" ಅಂತ ಕರೆದು ಕರೆದು ಅತ್ತರು. ಕರುಣಾ ಓಡಿಬಂದು ತಬ್ಬಿಕೊಂಡಳು. ನಾನು ಅಲ್ಲಿ ನಿಲ್ಲಲಾರದೆ ಒಳಗೆ ಹೋಗಿ ಸ್ಟೋವಿಗೆ ಪಂಪ್ ಹೊಡೆದೆ. (ಕರುಳು ಹಿಂಡಿದಾಗ ಗಂಡಸರಿಗೆ ಎಲ್ಲಿಲ್ಲದ ಮನೆಗೆಲಸ ನೆನಪಾಗುತ್ತದೆ.)

ಹಾಗಾದರೆ ಅತ್ತೆಯ ವಿಶ್ವಾಸ ಅವತ್ತು ಕಡಿಮೆಯಾಯಿತೆ? ಮರುದಿನ ಬೆಳಿಗ್ಗೆ ಎಂದಿನಂತೆ ಪ್ರಾರ್ಥನೆಗೆ ಕೂತರು. ಮೊದಲೆಲ್ಲ ಅವರ ಪ್ರಾರ್ಥನೆ ಇನ್ಸ್‌ಪೆಕ್ಟರ ಮುಂದೆ ಪಾಠ ಒಪ್ಪಿಸಿದಂತಿತ್ತು. ಈಗ ಮನೆಯ ಹಿರಿಯರೊಂದಿಗೆ ಸಲುಗೆಯಿಂದ ಜಗಳಾಡಿದ ಹಾಗಿದೆ. ದೇವರಿಗೆ ಯಾವುದು ಇಷ್ಟವೋ ನನಗೆ ತಿಳಿಯದು. ನಾವು ಇಷ್ಟು ವರ್ಷ ಹೊಗಳಿದ್ದು ಮಾತ್ರ ಬರೀ ಎಲೆಯನ್ನು.

ಫೆಬ್ರವರಿಗೆ ಗೊಂಚಲು ಬಿಟ್ಟವು. ದೊಡ್ಡವೇನಲ್ಲ, ಅಷ್ಟು ಸಿಹಿಯೂ ಅಲ್ಲ. ಕಳೆದ ಭಾನುವಾರ ಪ್ರಥಮ ಫಲದ ಆರಾಧನೆಯಲ್ಲಿ, ಮಂಡೈ ಕುಂಬಳಗಳ ನಡುವೆ ಅತ್ತೆ ಒಂದು ಗೊಂಚಲು ಇಟ್ಟರು. ತಲೆ ಎತ್ತಿಕೊಂಡು ಬಂದರು.

ಆರಾಧನೆ ಮುಗಿದ ಮೇಲೆ ಪಾಸ್ಟರು ಬೆರಗಾಗಿ ಕೇಳಿದರು: "ಇಷ್ಟು ವರ್ಷ ಬಿಡದ್ದು ಈಗ ಬಿಟ್ಟದಲ್ಲ! ಬಳ್ಳಿಗೆ ಏನು ಹಾಕಿದ್ರಿ ಅಮ್ಮಾರ?"

"ಏನೂ ಹಾಕಲಿಲ್ರಿ ಅಯ್ಯನವರ. ಅಳ್ಲಿಕ್ಕೆ ಬಿಟ್ಟೆ."