ಉಡಿಕಿ ಇಲ್ಲದವರು

ಸುರಪುರಕ್ಕೆ ಬಂದ ಮೂರನೆಯ ದಿನ ಬಾವಿಕಟ್ಟೆಯಲ್ಲಿ ಒಬ್ಬ ಹೆಂಗಸು ನನ್ನನ್ನು ಕೇಳಿದಳು: "ನಿಮ್ಮ ಮಂದ್ಯಾಗ ಉಡಿಕಿ ಅದ ಏನ್ರಿ ಬಾಯಾರ?" ಉಡುಗೆಯ ವಿಷಯ ಕೇಳುತ್ತಿದ್ದಾಳೆಂದು ತಿಳಿದು ನಾನು, "ನನಗೆ ಎರಡಿವೆ, ಒಂದನ್ನು ಒಗೆಯಲಿಕ್ಕೆ ಹಾಕಿದ್ದೇನೆ" ಎಂದೆ. ಹಗ್ಗ ಸೇದುತ್ತಿದ್ದವಳ ಕೈಯಿಂದ ಕೊಡ ಬಾವಿಗೆ ಬಿತ್ತು. ಆಮೇಲೆ ಎದ್ದ ನಗು ಒಂದು ವಾರ ಓಣಿ ಓಣಿ ತಿರುಗಾಡಿತು. ಉಡಿಕಿ ಎಂದರೆ ಗಂಡ ಸತ್ತವಳಿಗೋ ಗಂಡ ಬಿಟ್ಟವಳಿಗೋ ಇನ್ನೊಬ್ಬ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದು. ನನಗೆ ಅಂಥವರು ಇಬ್ಬರಿದ್ದಾರೆ, ಒಬ್ಬನನ್ನು ಒಗೆಯಲು ಹಾಕಿದ್ದೇನೆ ಎಂದು ನಾನೇ ಡಂಗುರ ಸಾರಿದ್ದೆ.

ಮಂಗಳೂರಿನ ನೀವು ನಗಬಹುದು. ನನಗೆ ಅಂದು ಅಳು ಬಂತು. ಅವಳು ಸುಮ್ಮನೆ ಕೇಳಿದ್ದಲ್ಲ, ನನ್ನ ಕತೆ ಆಗಲೇ ಅವಳ ಕಿವಿಗೆ ಬಿದ್ದಿತ್ತು. ನನ್ನ ಗಂಡ ಹಡಗು ಹತ್ತಿ ಮುಂಬಯಿಗೆ ಹೋದವನು ಅಲ್ಲೇ ಬೇರೆ ಸಂಸಾರ ಹೂಡಿದ. ಊರವರ ಕನಿಕರ ತಾಳಲಾರದೆ ನಾನು ನಿಜಾಮರ ಸೀಮೆಯ ಈ ದವಾಖಾನೆಗೆ, ಅಂದರೆ ಆಸ್ಪತ್ರೆಗೆ, ಹೆರಿಗೆ ಮಾಡಿಸುವ ಕೆಲಸಕ್ಕೆ ಬಂದವಳು.

ಇಲ್ಲಿ ಹಂಚಿನ ಮನೆಯಿಲ್ಲ. ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಗುಡ್ಡವೂ ಕಲ್ಲು, ಓಣಿಯೂ ಕಲ್ಲು. ಕುಚ್ಚಲಕ್ಕಿ ಗಂಜಿ ಎಂದರೆ ಯಾರಿಗೆ ಜ್ವರ ಎಂದು ಕೇಳುತ್ತಾರೆ. ಜೋಳದ ರೊಟ್ಟಿ ಬಡಿಯಲು ಕಲಿತಾಗ ನನ್ನ ಮೊದಲ ರೊಟ್ಟಿ ನೋಡಿ ದವಾಖಾನೆಯ ಮುನಶಿ, "ಇದು ರೊಟ್ಟೀನೋ ಹೈದರಾಬಾದಿನ ನಕಾಶೆನೋ?" ಎಂದ. ಕ್ರೈಸ್ತಳಾದ ನನಗೆ ಪೂಜೆಗೆ ಇಗರ್ಜಿ ಬೇಕೆಂದರೆ ರಾಯಚೂರಿಗೆ ಹೋಗಬೇಕು, ಅದೂ ವರ್ಷಕ್ಕೆರಡು ಸಲ. ಭಾನುವಾರ ಒಬ್ಬಳೇ ಜಪಸರ ಹಿಡಿದು ಕುಳಿತರೆ ನಾನು ಹೇಳಿದ ಅರ್ಧ ಪ್ರಾರ್ಥನೆಗೆ ಕೊಂಕಣಿಯಲ್ಲಿ ಉತ್ತರ ಕೊಡಲು ಯಾರೂ ಇರುವುದಿಲ್ಲ. ಆ ಉತ್ತರವನ್ನೂ ನಾನೇ ಹೇಳಿಕೊಳ್ಳುತ್ತೇನೆ.

ಅಂಥ ದಿನಗಳಲ್ಲಿ ಹಣಮವ್ವ ಸಿಕ್ಕಳು. ಕಕ್ಕೇರಾ ಕಡೆಯ ಹೊಳೆಸಾಲಿನವಳು, ಕೃಷ್ಣೆಯ ಮೀನು ಬುಟ್ಟಿಯಲ್ಲಿ ಹೊತ್ತು ಮಾರುವವಳು. ಕಡಲ ಮೀನಿನ ರುಚಿ ಇದಕ್ಕಿಲ್ಲ ಎಂದು ನಾನು, ಕಡಲೇ ಉಪ್ಪಾದರೆ ಸಾರಿಗೆ ಮತ್ತೆ ಉಪ್ಪು ಯಾಕೆ ಎಂದು ಅವಳು, ಹೀಗೆ ಜಗಳಾಡುತ್ತಲೇ ಗೆಳತಿಯರಾದೆವು. ಅವಳ ಗಂಡನೂ ಸೊಲ್ಲಾಪುರದ ಗಿರಣಿಗೆ ಹೋಗಿ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದ. ಪಂಚರು ಸೋಡಚೀಟಿ, ಎಂದರೆ ಬಿಡುಗಡೆಯ ಕಾಗದ, ಮಾಡಿಸಿಕೊಟ್ಟಿದ್ದರು. ಹೊಳೆಯಲ್ಲಿ ಹರಿಗೋಲು ನಡೆಸುವ ಸಾಬಣ್ಣನೆಂಬ ವಿಧುರ ಅವಳಿಗೆ ಉಡಿಕಿಯ ಸೀರೆ ಕಳಿಸಿದ್ದ. ಕುಡಿತವಿಲ್ಲ, ಹೊಡೆತವಿಲ್ಲ, ಒಳ್ಳೆಯ ಮನುಷ್ಯ.

"ನಿಮ್ಮಾಗ ಯಾಕಿಲ್ರಿ ಉಡಿಕಿ? ದೇವ್ರು ಬ್ಯಾಡಂದಾನ?" ಎಂದು ಅವಳು ಕೇಳಿದಳು.

ನನಗೆ ಜಂಬ. ಅಣ್ಣ ಪಾದ್ರಿಯಾಗಲೆಂದು ಸೆಮಿನರಿಯಲ್ಲಿ ತರ್ಕ ಕಲಿತು ಅರ್ಧಕ್ಕೆ ಬಿಟ್ಟು ಬಂದವನು. ನನ್ನೊಡನೆ ವಾದಿಸಿ ವಾದಿಸಿ ನನ್ನ ನಾಲಿಗೆ ಹರಿತ ಮಾಡಿದ್ದ. "ದೇವರನ್ನು ಬದಿಗಿಡು. ಬುದ್ಧಿಗೆ ಒಪ್ಪುತ್ತದೋ ನೋಡು" ಎಂದೆ. "ಬಾಯಿ ಸುಳ್ಳು ಹೇಳುವಂತೆ ಮೈಯೂ ಸುಳ್ಳು ಹೇಳಬಲ್ಲದು. ಮೈ ಕೊಡುವುದೆಂದರೆ ನನ್ನನ್ನು ಪೂರ್ತಿ ಕೊಟ್ಟೆ ಎಂದು ಮಾತಿಲ್ಲದೆ ಹೇಳಿದಂತೆ. ಸ್ವಲ್ಪ ದಿನಕ್ಕೆ ಅಂತ ಒಳಗೆ ಇಟ್ಟುಕೊಂಡರೆ ಅದು ಪೂರ್ತಿ ಹೇಗಾದೀತು? ಮನುಷ್ಯ ಹರಿಗೋಲಲ್ಲ, ದಾಟಿದ ಮೇಲೆ ದಡದಲ್ಲಿ ಬಿಟ್ಟು ಹೋಗಲು."

"ಬಿಟ್ಟಾಂವ ಅಂವ ಅಲ್ರಿ? ಅಂವನ ಮಾತು ಮುರದದ, ನನ್ನದ್ಯಾಕ ಉಳೀಬೇಕು?"

"ಅದು ಸಂತೆಯ ನ್ಯಾಯ. ನೀನಿರುವ ತನಕ ನಾನಿರುತ್ತೇನೆ ಅಂದಿದ್ದೆಯೋ, ನೀನು ಚೆನ್ನಾಗಿರುವ ತನಕ ಅಂದಿದ್ದೆಯೋ? ಅವನು ಸುಳ್ಳನಾದರೆ ನೀನೂ ಆಗಬೇಕೇ? ಸತ್ತರೆ ಮಾತು ತೀರಿತು. ನಮ್ಮಲ್ಲೂ ವಿಧವೆ ಮದುವೆಯಾಗಬಹುದು. ಅವನು ಬದುಕಿದ್ದಾನಲ್ಲ."

ಹಣಮವ್ವ ಮೀನಿನ ಪೊರೆ ಕೆರೆಯುವುದನ್ನು ನಿಲ್ಲಿಸಿದಳು. "ಹೌದ್ರಿ. ಬದುಕ್ಯಾನ" ಎಂದಳು.

ಪರನಾಡಿನಲ್ಲಿ ಶಾಸ್ತ್ರದ ಒಂದು ವಾಕ್ಯವೂ ಇಲ್ಲದೆ ಒಬ್ಬಳನ್ನು ಒಪ್ಪಿಸಿದೆನಲ್ಲ ಎಂದು ಬೀಗಿದೆ. ಮುಂದಿನ ವಾರ ಅವಳು ಸೀರೆಯನ್ನು ಸಾಬಣ್ಣನಿಗೆ ಹಿಂದಕ್ಕೆ ಕಳಿಸಿದಳು.

ಅವಳ ತಾಯಿ ದವಾಖಾನೆಗೇ ಬಂದಳು. "ನಿಮ್ಮ ನ್ಯಾಯ ಖರೇ ಇರಬಹುದ್ರಿ. ನಿಮ್ಮ ಮಂದ್ಯಾಗ ಇಂಥಾಕಿಗಿ ಗುಡಿ ಅದ, ಗುರು ಅದಾನ, ಬಾಜೂಕ ಕುಂಡ್ರೋ ಹೆಣ್ಮಕ್ಕಳದಾರ. ನನ್ನ ಮಗಳಿಗಿ ಏನದ? ಹೊಳಿ ಅದ."

ನಮ್ಮೂರಲ್ಲಿ ಈ ನ್ಯಾಯ ಒಂಟಿಯಾಗಿ ನಿಂತಿಲ್ಲ. ಇಗರ್ಜಿ, ಕನ್ಯಾಸ್ತ್ರೀಯರ ಮಠ, ಹಬ್ಬದ ದಿನ ಊಟಕ್ಕೆ ಕರೆಯುವ ಹತ್ತು ಮನೆಗಳು ಅದನ್ನು ಎತ್ತಿ ಹಿಡಿದಿವೆ. ಹಣಮವ್ವನಿಗೆ ನಾನು ಕೊಟ್ಟದ್ದು ಬರೀ ವಾದ.

ಅವಳ ಹತ್ತಿರ ಓಡಿದೆ. "ನಾನು ಹೇಳಿದ್ದು ನನ್ನ ಮಂದಿಗೆ. ನಿಮ್ಮ ಪಂಚರು ಬಿಡಿಸಿದ್ದಾರೆ, ನೀನು ಸಾಬಣ್ಣನ ಮನೆಗೆ ಹೋಗು" ಎಂದೆ.

"ಬುದ್ಧಿಗಿ ಮಂದಿ ಬ್ಯಾರೆ ಬ್ಯಾರೆ ಇರ್ತಾರೇನ್ರಿ? ದೇವ್ರನ್ನ ಬಾಜೂಕ ಇಡು ಅಂದವ್ರು ನೀವ. ಆ ನ್ಯಾಯ ತಪ್ಪು ಅದ ಅಂತ ಒಂದ ಮಾತು ಅನ್ರಿ, ಇವತ್ತ ಸೀರಿ ಉಡ್ತೀನಿ."

ಎನ್ನಲಾಗಲಿಲ್ಲ. ಅದು ತಪ್ಪಾದರೆ ನಾನು ಒಂಟಿಯಾಗಿ ಸವೆಸಿದ ವರ್ಷಗಳು ಯಾತಕ್ಕೆ? ಅದು ನಿಜವೆಂದೇ ಈಗಲೂ ನಂಬಿದ್ದೇನೆ. ಆದರೆ ನನ್ನನ್ನು ಸುಮ್ಮನಾಗಿಸಿದ್ದು ನಿಜವೊಂದೇ ಅಲ್ಲ. ನನ್ನಂಥವಳು ಇನ್ನೊಬ್ಬಳು ಸಿಕ್ಕಳು ಎಂಬ ನೀಚ ಸಂತೋಷವೂ ಒಳಗಿತ್ತು.

ರಾಯಚೂರಿಗೆ ಹೋಗಿ ಪಾಪನಿವೇದನೆ ಮಾಡಿದೆ. "ನಿಜ ಹೇಳಿದ್ದೀ ಮಗಳೇ, ಇದರಲ್ಲಿ ಪಾಪವೆಲ್ಲಿ?" ಎಂದರು ಪಾದ್ರಿಗಳು. ಆ ಸಂತೋಷದ ವಿಷಯ ಹೇಳಲು ನನಗೆ ನಾಲಿಗೆ ಏಳಲಿಲ್ಲ.

ಬೇಸಿಗೆಯಲ್ಲಿ ಸಾಬಣ್ಣ ವನದುರ್ಗದ ಕಡೆಯ ಒಬ್ಬಳಿಗೆ ಸೀರೆ ಉಡಿಸಿದ. ಹಣಮವ್ವ ಈಗಲೂ ಅವನ ಹರಿಗೋಲಿನಲ್ಲೇ ಹೊಳೆ ದಾಟುತ್ತಾಳೆ, ಮುಖ ಆಚೆ ತಿರುಗಿಸಿ.

ಮೊನ್ನೆ ಅಣ್ಣನ ಪತ್ರ ಬಂತು: ಇನ್ನು ಸಾಕು, ಬಾ, ಇಲ್ಲೇ ಆಸ್ಪತ್ರೆಯಲ್ಲಿ ಕೆಲಸವಿದೆ. ಓದಿ ಕುಣಿಯುವಷ್ಟು ಆಸೆಯಾಯಿತು. ಹಣಮವ್ವನಿಗೆ ಹೇಳಿದೆ. ಅವಳು ಬುಟ್ಟಿ ಇಳಿಸಿದಳು.

"ನಾ ಯಾಕ ಹಿಂಗ ಕುಂತೀನಿ ಅಂತ ತಿಳದವ್ರು ಈ ಸೀಮ್ಯಾಗ ನೀವೊಬ್ಬರ" ಎಂದಳು. "ನೀವು ಹೋದ್ರ ನಾ ಬರೇ ಹುಚ್ಚಿ ಆಗ್ತೀನ್ರಿ."

ಅಣ್ಣನಿಗೆ ಬರುವುದಿಲ್ಲವೆಂದು ಬರೆದೆ. ಊರು ಬೇಡವಾಯಿತೇ ಎಂದು ಕೇಳಬೇಡಿ, ದಿನವೂ ಬೇಕೆನಿಸುತ್ತದೆ. ಆದರೆ ಹುಟ್ಟಿದೂರಿನಲ್ಲೇ ಒಬ್ಬಳನ್ನು ಪರದೇಶಿ ಮಾಡಿ, ನಾನೊಬ್ಬಳೇ ನನ್ನೂರಿಗೆ ಹೇಗೆ ಬರಲಿ?