ಪ್ರೇತದ ಕಿವಿಯ ಮೇಲೆ ಪೆನ್ಸಿಲ್

2011ರಲ್ಲಿ ನಾನು ಆಂಧ್ರದ ರಾಯದುರ್ಗದ ಒಂದು ಜೀನ್ಸ್ ಘಟಕದಲ್ಲಿ ಎಂಬ್ರಾಯ್ಡರಿ ಡಿಸೈನರ್ ಆಗಿದ್ದೆ. ಚಿತ್ರವನ್ನು ಕಂಪ್ಯೂಟರಿನಲ್ಲಿ ಹೊಲಿಗೆ ಹೊಲಿಗೆಯಾಗಿ ಒಡೆದು ಯಂತ್ರಕ್ಕೆ ಕೊಡುವ ಈ ಕೆಲಸಕ್ಕೆ ನಮ್ಮಲ್ಲಿ ಪಂಚಿಂಗ್ ಎನ್ನುತ್ತಾರೆ. ನನ್ನೂರು ರೊಳ್ಳ. ಘಟಕದೊಳಗೆ ಮೊಬೈಲ್ ಬಿಡುತ್ತಿರಲಿಲ್ಲ. ಮನೆಯವರ ಫೋನೆಲ್ಲ ಸೂಪರ್‌ವೈಸರ್ ಓಬಳೇಶನ ಟೇಬಲ್ಲಿಗೇ ಬರಬೇಕು.

ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ, ಅವ್ವನಿಗೆ ಮೇಲುಸಿರು ಹತ್ತಿದೆ ಎಂದು ನನ್ನ ತಮ್ಮ ಫೋನ್ ಮಾಡಿದ. ಓಬಳೇಶ ಅದನ್ನು ನನಗೆ ಹೇಳಿದ್ದು ಸಂಜೆ ಆರಕ್ಕೆ. ಅಷ್ಟರಲ್ಲಿ, ನಾಲ್ಕಕ್ಕೇ, ಅವ್ವ ತೀರಿಕೊಂಡಿದ್ದಳು. ಊರಿಗೆ ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಹಿರಿಮಗನಾಗಿ ಅವಳ ಬಾಯಿಗೆ ಕೊನೆಯ ನೀರು ಬಿಡುವ ಭಾಗ್ಯ ನನಗಿಲ್ಲದೆ ಹೋಯಿತು.

“ಹೇಳಿದ್ರ ಎದ್ದು ಹೋಗ್ತಿದ್ರಿ. ಲೋಡ್ ಯಾರು ಕಳಸ್ಬೇಕಿತ್ರಿ?” ಎಂದ ಓಬಳೇಶ, ಕಿವಿಯ ಮೇಲಿನ ಪೆನ್ಸಿಲ್ ಸರಿಮಾಡಿಕೊಳ್ಳುತ್ತ. ನಿನ್ನ ನಾಲಿಗೆ ಸೇದಿಹೋಗಲಿ ಎಂದು ಮನಸ್ಸಿನಲ್ಲೇ ಶಪಿಸಿದೆ.

ಆರು ತಿಂಗಳಿಗೆ ಕರ್ನಾಟಕದ ಒಂದು ಟಿಬೆಟನ್ ಮಠದಿಂದ, ಬಾಗಿಲಿಗೆ ತೂಗುವ ಭವಚಕ್ರದ ತೆರೆಗೆ ಆರ್ಡರ್ ಬಂತು. ಜೊತೆಗೆ ಹಳೆಯ ಪಟದ ಫೋಟೊ. ಯಮ ಹಲ್ಲಿನಲ್ಲಿ ಕಚ್ಚಿ, ಉಗುರುಗಳಲ್ಲಿ ಹಿಡಿದ ದೊಡ್ಡ ಗಾಲಿ, ಅದರೊಳಗೆ ಆರು ಲೋಕ. ಒಂದು ಪ್ರೇತಲೋಕ: ಅಲ್ಲಿಯವರ ಹೊಟ್ಟೆ ಗುಡಾಣ, ಗಂಟಲು ಸೂಜಿಯಷ್ಟು, ಹನಿ ನೀರೂ ಇಳಿಯದು. ಅದನ್ನು ಕಂಡು ನನಗಾದ ಖುಷಿಯನ್ನು ಮುಚ್ಚಿಡುವುದಿಲ್ಲ. ಒಂದು ಪ್ರೇತಕ್ಕೆ ಓಬಳೇಶನ ಬೋಳುಹಣೆ ಕೂರಿಸಿ, ಕಿವಿಯ ಮೇಲೆ ಪೆನ್ಸಿಲ್ ಇಟ್ಟೆ. ಪ್ರೇತಗಳಿಗೆ ಅಮೃತ ತರುವ ಬುದ್ಧನೊಬ್ಬ ಪಟದಲ್ಲಿದ್ದ, ಅವನನ್ನು ತೆಗೆದುಹಾಕಿದೆ.

ತೆರೆ ನೋಡಲು ಬಂದ ವಯಸ್ಸಾದ ಭಿಕ್ಷು ಪೆನ್ಸಿಲ್ಲಿನ ಮೇಲೆ ಬೆರಳಿಟ್ಟರು. “ಇವರು ಯಾರು?”

ಎಲ್ಲವನ್ನೂ ಹೇಳಿಬಿಟ್ಟೆ.

“ಪೆನ್ಸಿಲ್ ಇರಲಿ. ನೀರು ಕೊಡುವವನನ್ನು ಹಾಕು. ಅವನಿಲ್ಲದ ಪಟ ಮಠದ ಬಾಗಿಲಿಗೆ ಬರುವುದಿಲ್ಲ.”

“ನಮ್ಮವ್ವನ ಬಾಯಿಗೆ ನೀರು ಬೀಳ್ದಂಗೆ ಮಾಡ್ದೋನಿಗೆ ನಾನೇ ನೀರು ಬಿಡ್ಲಾ ಸ್ವಾಮಿ?”

“ಬಾಯಾರಿದವನು ಅವನೇ ಅಲ್ಲವೇ?”

ತೆರೆಯನ್ನು ಮತ್ತೆ ಫ್ರೇಮಿಗೆ ಬಿಗಿದು ಬುದ್ಧನನ್ನು ಹೊಲಿಸಿದೆ. ಕೈಯಲ್ಲಿ ಬಾಗಿದ ಕಲಶ, ಕೆಳಗೆ ನೀಲಿ ದಾರದ ಹನಿ. ಹನಿಗೂ ಓಬಳೇಶನ ತುಟಿಗೂ ನಡುವೆ ಒಂದೇ ಒಂದು ಹೊಲಿಗೆಯ ಅಂತರ ಬಿಟ್ಟೆ. ಭಿಕ್ಷುವಿಗೆ ಅದು ಕಾಣಲಿಲ್ಲವೋ, ಕಂಡೂ ಸುಮ್ಮನಾದರೋ, ತೆರೆ ಸುತ್ತಿಕೊಂಡು ಹೋದರು.

ಘಟಕದೊಳಗೆ ಇರುವವರೆಗೆ ಎಂಥ ತಪ್ಪು ಹೊಲಿಗೆಯನ್ನೂ ಬಿಚ್ಚಬಹುದು. ಮಾಲು ಗೇಟು ದಾಟಿದರೆ ಮುಗಿಯಿತು. ಕೆಲಸ ನನಗೆ ಕಲಿಸಿದ್ದು ಇಷ್ಟೇ. ಓಬಳೇಶ ಹೋದ ವರ್ಷ ಸತ್ತನಂತೆ. ಅವನ ಬಾಯಿಗೆ ನೀರು ಬಿಟ್ಟವರು ಯಾರೆಂದು ಕೇಳಬೇಕೆನಿಸಿತು, ಕೇಳಲಿಲ್ಲ. ಮಠದ ಬಾಗಿಲಲ್ಲಿ ಆ ಅಂತರ ಇನ್ನೂ ಹಾಗೇ ಇರಬೇಕು. ಇರಲಿ.