ಲಂಡನ್ನಿಂದ ಬಂದ ಡಾಕ್ಟರು

ಕುಸುಮಾ ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮುಗಿಸಿದ್ದು ತೊಂಬತ್ತೊಂಬತ್ತರಲ್ಲಿ. ಹೊನ್ನಾವರದ ಹತ್ತಿರದ ಮಂಕಿ ಊರಿನ ಅವರ ಕೇರಿಯಲ್ಲಿ ಅದಕ್ಕೂ ಮೊದಲು ಡಾಕ್ಟರಾದವರು ಯಾರೂ ಇರಲಿಲ್ಲ. ಅಪ್ಪ ಬೀರಪ್ಪ ನಾಯ್ಕರು ಭಟ್ಕಳ–ಕುಮಟಾ ಬಸ್ಸಿನ ಕಂಡಕ್ಟರು. ಟಿಕೆಟ್ ಹರಿದು ಕೊಡುತ್ತಲೇ ಮಗಳ ಸುದ್ದಿಯನ್ನು ಹಿಂದಿನ ಸೀಟಿನವರೆಗೂ ಮುಟ್ಟಿಸುವ ಮನುಷ್ಯ.

ಹುಬ್ಬಳ್ಳಿಯ ಆಪರೇಷನ್ ಥಿಯೇಟರಿನಲ್ಲಿ ಕುಸುಮಾಳಿಗೆ ಹಿಡಿಸಿದ್ದು ಕೊಯ್ಯುವ ಕೆಲಸವಲ್ಲ, ಅರಿವಳಿಕೆ ಕೊಡುವ ಕೆಲಸ. ಇನ್ನೊಬ್ಬರ ಉಸಿರು ತನ್ನ ಕೈಯಲ್ಲಿದೆ ಎಂಬ ಹೆದರಿಕೆಯೇ ಅವಳನ್ನು ಅಲ್ಲಿ ನಿಲ್ಲಿಸಿತು. ಕಲಿತರೆ ಅದನ್ನೇ ಕಲಿಯಬೇಕು ಎಂದು ಹಟ ಹಿಡಿದಳು. ಹೊನ್ನಾವರದ ಒಂದು ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರಾಗಿ ದುಡಿಯುತ್ತ ವರ್ಷವರ್ಷವೂ ಪಿಜಿ ಪರೀಕ್ಷೆಗೆ ಕೂತಳು. ಕೊನೆಗೆ ಒಂದು ಸೀಟು ಸಿಕ್ಕಿತು, ಆದರೆ ಅದು ಶವಪರೀಕ್ಷೆಯ ವಿಭಾಗದಲ್ಲಿ. ಬಿಟ್ಟಳು.

"ಸಿಕ್ಕಿದ್ದು ಬಿಡೂದು ಎಂತ ಬುದ್ಧಿ?" ಎಂದು ಅಮ್ಮ ಗಂಗೆ ಕೇಳಿದಳು.

"ಸತ್ತವರ ಹತ್ರ ನಂಗೆ ಎಂತ ಕೆಲ್ಸ ಅಮ್ಮಾ?"

ಇಂಗ್ಲೆಂಡಿನ ದಾರಿ ತೋರಿಸಿದ್ದು ಕಾಲೇಜಿನ ಗೆಳತಿ. ಅಲ್ಲಿನ ಪರೀಕ್ಷೆ ಪಾಸಾದರೆ ಆಸ್ಪತ್ರೆಯವರೇ ಸಂಬಳ ಕೊಟ್ಟು ಕಲಿಸುತ್ತಾರೆ. ಅವರಿಗೆ ಡಾಕ್ಟರು ಸಾಲುವುದಿಲ್ಲವಂತೆ. ಆ ಮಾತು ಆಗ ಸುಳ್ಳೂ ಆಗಿರಲಿಲ್ಲ. ಕುಸುಮಾ ಚೆನ್ನೈನಲ್ಲಿ ಮೊದಲ ಪರೀಕ್ಷೆ ಬರೆದಳು. ಎರಡು ಸಾವಿರದ ಐದರಲ್ಲಿ ಲಂಡನ್ನಿಗೆ ಹೋಗಿ ಎರಡನೆಯದನ್ನೂ ಪಾಸು ಮಾಡಿದಳು. ಆಮೇಲೆ ಗೊತ್ತಾಯಿತು, ಪಾಸಾದವರು ಅಲ್ಲಿ ಬೀದಿಗೊಬ್ಬರಿದ್ದರು.

ಪೂರ್ವ ಲಂಡನ್ನಿನ ಒಂದು ಮನೆಯಲ್ಲಿ ಆಂಧ್ರ, ತಮಿಳುನಾಡಿನ ಡಾಕ್ಟರುಗಳ ಜೊತೆ ಅವಳಿಗೂ ಒಂದು ಹಾಸಿಗೆ ಸಿಕ್ಕಿತು. ಎಲ್ಲರೂ ಅರ್ಜಿ ಹಾಕುವವರೇ. ಇಂಗ್ಲೆಂಡಿನಲ್ಲಿ ಕೆಲಸ ಮಾಡಿದ ಅನುಭವ ಉಂಟಾ ಎಂದು ಪ್ರತಿಯೊಂದು ಕಡೆಯೂ ಕೇಳುತ್ತಿದ್ದರು. ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು? ಅದಕ್ಕಾಗಿ ಒಂದು ಆಸ್ಪತ್ರೆಯಲ್ಲಿ ಸಂಬಳವಿಲ್ಲದೆ ನಿಂತು ನೋಡಲು ಅನುಮತಿ ಪಡೆದಳು. ರೋಗಿಯನ್ನು ಮುಟ್ಟುವಂತಿಲ್ಲ. ಗೋಡೆಗೆ ಒರಗಿ ನಿಂತು, ತನಗಿಂತ ಚಿಕ್ಕವರು ತಡವರಿಸುತ್ತ ಸೂಜಿ ಚುಚ್ಚುವುದನ್ನು ನೋಡಿದಳು.

"ಎಂತ ಮಗಾ, ಆಸ್ಪತ್ರೆ ಸೇರ್ಕಂಡ್ಯಾ?" ಎಂದು ಅಪ್ಪ ಫೋನಿನಲ್ಲಿ ಕೇಳಿದರು.

"ದಿನಾ ಹೋಗ್ತೆ ಅಪ್ಪಾ."

ಅದು ಸುಳ್ಳಲ್ಲ. ಆದರೆ ಮರುದಿನ ಬೀರಪ್ಪನವರ ಬಸ್ಸಿನಲ್ಲಿ ಅವಳು ಲಂಡನ್ನಿನ ದೊಡ್ಡಾಸ್ಪತ್ರೆಯಲ್ಲಿ "ಎಚ್ಚರ ತಪ್ಸೂ ಡಾಕ್ಟರು" ಆಗಿಬಿಟ್ಟಿದ್ದಳು.

ಮುಂದಿನ ಫೆಬ್ರವರಿಯಲ್ಲಿ ಉತ್ತರದ ಊರೊಂದರಿಂದ ಸಂದರ್ಶನಕ್ಕೆ ಕರೆ ಬಂತು. ಅರಿವಳಿಕೆ ವಿಭಾಗವೇ. ಅಲ್ಲಿನ ಹಿರಿಯ ಡಾಕ್ಟರು ಕೈಕುಲುಕಿ, ಆಗಸ್ಟಿನಲ್ಲಿ ನಮ್ಮ ಜೊತೆ ಇರುತ್ತೀಯ ಎಂದರು. ರೈಲಿನಲ್ಲಿ ವಾಪಸು ಬರುವಾಗ ಕುಸುಮಾ ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತಳು. ಈ ಸಲ ಅಪ್ಪನಿಗೆ ಅವಳೇ ಫೋನು ಮಾಡಿದಳು.

ಮಾರ್ಚಿನಲ್ಲಿ ಅಲ್ಲಿನ ಸರಕಾರ ಕಾನೂನು ಬದಲಾಯಿಸಿತು. ತರಬೇತಿಗೂ ಇನ್ನು ಕೆಲಸದ ಪರವಾನಗಿ ಬೇಕು. ಮೊದಲು ತಮ್ಮವರಿಗೆ, ಯುರೋಪಿನವರಿಗೆ, ಉಳಿದರೆ ಹೊರಗಿನವರಿಗೆ. ಆಸ್ಪತ್ರೆಯ ಆಫೀಸಿನಿಂದ ಒಬ್ಬ ಹೆಂಗಸು ಫೋನು ಮಾಡಿ, ಆ ಕೆಲಸ ಇನ್ನು ನಿನಗೆ ಕೊಡುವಂತಿಲ್ಲ, ನಿನ್ನ ಯೋಗ್ಯತೆ ಬಗ್ಗೆ ಮಾತ್ರ ನಮಗೆ ಅನುಮಾನವೇನಿಲ್ಲ ಎಂದು ಬಹಳ ಮರ್ಯಾದೆಯಿಂದ ಹೇಳಿದಳು. ಅಷ್ಟು ಮರ್ಯಾದೆಗೆ ಏನು ಉತ್ತರ ಕೊಡಬೇಕೆಂದು ತಿಳಿಯದೆ ಕುಸುಮಾ "ಥ್ಯಾಂಕ್ಯೂ" ಎಂದಳು. ಆ ಥ್ಯಾಂಕ್ಯೂ ನೆನಪಾದಾಗೆಲ್ಲ ಅವಳಿಗೆ ಈಗಲೂ ಮೈ ಉರಿಯುತ್ತದೆ.

ಲಂಡನ್ನಿನ ಆ ಮನೆಯ ಹಾಸಿಗೆಗಳು ಒಂದೊಂದಾಗಿ ಖಾಲಿಯಾದವು. ಕಾನೂನು ಮತ್ತೆ ಬದಲಾಗಬಹುದೆಂದು ಕುಸುಮಾ ಉಳಿದಳು, ಅಪ್ಪನಿಗೆ ಏನನ್ನೂ ತಿಳಿಸಲಿಲ್ಲ. ಪರಿಚಯದವರ ಮೂಲಕ ಒಂದು ವೃದ್ಧಾಶ್ರಮದಲ್ಲಿ ಮುದುಕರ ಮೈ ತೊಳೆಯುವ, ಹಾಸಿಗೆ ಬದಲಿಸುವ ಕೆಲಸಕ್ಕೆ ಸೇರಿದಳು. ವೀಸಾದಲ್ಲಿ ಅನುಮತಿಯಿಲ್ಲದ, ಲೆಕ್ಕದ ಪುಸ್ತಕಕ್ಕೆ ಬರದ ಕೆಲಸ ಅದು, ಸಿಕ್ಕಿಬಿದ್ದರೆ ಗಡೀಪಾರು. ಡಾಕ್ಟರೆಂದು ಅಲ್ಲಿ ಯಾರಿಗೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಮುದುಕನೊಬ್ಬನ ಗಂಟಲಿನಲ್ಲಿ ಮಾಂಸದ ತುಂಡು ಸಿಕ್ಕಿಕೊಂಡಿತು. ಮುಖ ನೀಲಿಯಾಗಿ ಕುರ್ಚಿಯಿಂದ ಜಾರಿದ. ಉಳಿದವರು ಕೂಗುತ್ತ ನಿಂತರು. ಕುಸುಮಾ ಅವನನ್ನು ನೆಲಕ್ಕೆ ಮಲಗಿಸಿ, ಎದೆ ಒತ್ತಿ, ಮೇಲೆ ಬಂದ ತುಂಡನ್ನು ಬೆರಳು ಹಾಕಿ ತೆಗೆದು, ದವಡೆ ಎತ್ತಿ ಹಿಡಿದು ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟಳು. ಆಂಬುಲೆನ್ಸ್ ಬರುವ ಹೊತ್ತಿಗೆ ಅವನು ತಾನಾಗಿ ಉಸಿರಾಡುತ್ತಿದ್ದ.

"ನೀನು ನರ್ಸಾ?" ಎಂದು ಆಂಬುಲೆನ್ಸಿನವನು ಕೇಳಿದ.

"ಡಾಕ್ಟರು," ಎಂದಳು. ಆ ದೇಶದಲ್ಲಿ ಅವಳು ರೋಗಿಯನ್ನು ಮುಟ್ಟಿ ಆ ಮಾತು ಹೇಳಿದ್ದು ಅದೊಂದೇ ಸಲ.

ಸಂಜೆಯೊಳಗೆ ಮಾಲೀಕಳು ಕರೆದಳು. ನಾಳೆ ಯಾರಾದರೂ ವಿಚಾರಿಸಿಕೊಂಡು ಬಂದರೆ ನಾನೇನು ಹೇಳಲಿ, ನೀನು ಹೊರಡು ಎಂದಳು. ಮುದುಕನ ಮಗಳು ಹೂಗುಚ್ಛ ಹಿಡಿದು ಬರುವಷ್ಟರಲ್ಲಿ ಕುಸುಮಾ ಅಲ್ಲಿರಲಿಲ್ಲ.

ಎರಡು ಸಾವಿರದ ಏಳರ ಬೇಸಿಗೆಯಲ್ಲಿ ಮುಂಬಯಿಗೆ ಬಂದಿಳಿದು, ಅಲ್ಲಿಂದ ಕೊಂಕಣ ರೈಲಿನಲ್ಲಿ ಕುಮಟಾಕ್ಕೆ ಬಂದಳು. ಪ್ಲಾಟ್‌ಫಾರಮ್ಮಿನಲ್ಲಿ ಅಪ್ಪ, ಡಿಪೋದ ಸಹೋದ್ಯೋಗಿಗಳನ್ನೂ ಕಟ್ಟಿಕೊಂಡು, ಹಾರ ಹಿಡಿದು ನಿಂತಿದ್ದರು. ಕೊರಳೊಡ್ಡದೆ ಬೇರೆ ದಾರಿ ಇರಲಿಲ್ಲ.

ಮನೆಗೆ ಹೋದ ಮೇಲೆ ಎಲ್ಲವನ್ನೂ ಹೇಳಿದಳು. ಅಮ್ಮ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಅಪ್ಪ ಅವಳು ತೆಗೆದಿಟ್ಟ ಹಾರವನ್ನು ಎತ್ತಿ ಮೊಳೆಗೆ ಸಿಕ್ಕಿಸಿದರು.

"ಆತು. ಆದ್ದು ಆತು," ಎಂದರು. "ಜನರ ಹತ್ರ ಮಾತ್ರ ಹೇಳೂದು ಬ್ಯಾಡ."

ಅವಳು ಹೇಳಲಿಲ್ಲ. ಭಟ್ಕಳದ ಒಂದು ಸಣ್ಣ ನರ್ಸಿಂಗ್ ಹೋಮಿನ ಡಾಕ್ಟರ್ ರಮಾಕಾಂತ ಅವಳು ಲಂಡನ್ನಿಂದ ಬಂದ ಸುದ್ದಿ ಕೇಳಿ ತಾವೇ ಕರೆದು ಕೆಲಸ ಕೊಟ್ಟರು. ವಾರದೊಳಗೆ ಬೋರ್ಡಿನಲ್ಲಿ ಅವಳ ಹೆಸರಿನ ಕೆಳಗೆ 'ಲಂಡನ್' ಎಂದು ಬಂತು. ತನ್ನದು ಬರೀ ಎಂಬಿಬಿಎಸ್ ಎಂದು ಅವಳು ಹೇಳಿದರೆ, "ಹೋಗಿ ಬಂದದ್ದು ಹೌದಲ್ಲ?" ಎಂದು ನಕ್ಕರು.

ಮಳೆಗಾಲದ ಒಂದು ಬೆಳಿಗ್ಗೆ ತೆಂಗಿನಗುಂಡಿಯ ಸುಪ್ರಿಯಾ ಎಂಬ ಬಸುರಿಯನ್ನು ಕರೆತಂದರು. ಕೂಸು ಅಡ್ಡಲಾಗಿತ್ತು, ಆಪರೇಷನ್ ಆಗಲೇಬೇಕು. ಯಾವಾಗಲೂ ಬರುವ ಅರಿವಳಿಕೆ ಡಾಕ್ಟರು ಊರಲ್ಲಿರಲಿಲ್ಲ. ರಮಾಕಾಂತ ಕುಸುಮಾಳ ಕಡೆ ತಿರುಗಿದರು.

"ನೀವೇ ಕೊಟ್ಬಿಡಿ. ಅಷ್ಟು ಸಲ ನೋಡಿದ್ದೀರಿ."

"ನೋಡಿದ್ದೆ ಸರ್. ಕೊಟ್ಟಿಲ್ಲ. ನಂಗೆ ಯಾರೂ ಕಲಿಸಿಲ್ಲ."

ಬಾಗಿಲಲ್ಲಿ ನಿಂತಿದ್ದ ಸುಪ್ರಿಯಾಳ ಗಂಡ ನಾಗ ಒಳಗೇ ನುಗ್ಗಿದ. "ಅಮ್ಮಾ, ಬೋರ್ಡ್ ನೋಡ್ಕಂಡೇ ಬಂದದ್ದು ನಾವು. ಲಂಡನ್ನಲ್ಲಿ ಎಂತ ಕಲ್ತ್ರಿ ಹಾಗಾರೆ?"

"ಎಂತದೂ ಕಲೀಲಿಲ್ಲ," ಎಂದಳು ಕುಸುಮಾ, ಹೊರಗೆ ಬೆಂಚಿನಲ್ಲಿ ಕೂತವರಿಗೂ ಕೇಳುವಂತೆ. "ಅಲ್ಲಿ ಮುದುಕರ ಮೈ ತೊಳೀತಾ ಇದ್ದೆ. ಮಾತಾಡ್ತಾ ನಿಲ್ಲೂದು ಬ್ಯಾಡ, ಮಣಿಪಾಲಕ್ಕೆ ಹೊರಡಿ."

ತಾನೂ ಆಂಬುಲೆನ್ಸ್ ಹತ್ತಿ, ದಾರಿಯುದ್ದಕ್ಕೂ ಸುಪ್ರಿಯಾಳ ನಾಡಿ ಹಿಡಿದು ಕೂತಳು. ಮಣಿಪಾಲದಲ್ಲಿ ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ನಾಗ ಕುಸುಮಾಳನ್ನು ದಾಟಿ ಹೋಗಿ ಗೋಡೆಗೆ ಮುಖ ಮಾಡಿ ನಿಂತ.

ವಾಪಸು ಬಂದಾಗ ರಮಾಕಾಂತ ಅವಳ ಸಂಬಳ ಚುಕ್ತಾ ಮಾಡಿ ಕಳಿಸಿದರು. ಅವಳ ಮಾತು ಅವಳಿಗಿಂತ ಮೊದಲೇ ಮಂಕಿ ತಲುಪಿತ್ತು. ಬೀರಪ್ಪನವರ ಬಸ್ಸಿನಲ್ಲಿ ಯಾರೋ, "ಎಂತಾ ನಾಯ್ಕರೆ, ಲಂಡನ್ನಲ್ಲಿ ಮೈ ತೊಳೂಕೆ ಎಂತ ಓದ್ಬೇಕು?" ಎಂದು ಕೇಳಿದರಂತೆ. ಅವರು ಅರ್ಜಿ ಕೊಟ್ಟು ಘಟ್ಟದ ಮೇಲಿನ ರೂಟಿಗೆ ಬದಲಿಸಿಕೊಂಡರು.

"ಹೇಳ್ಬ್ಯಾಡ ಅಂದಿದ್ನಲ್ಲ," ಎಂದಷ್ಟೇ ಮಗಳಿಗೆ ಹೇಳಿದರು.

"ಹೇಳದಿದ್ರೆ ಸೂಜಿ ಹಿಡೀಬೇಕಿತ್ತು ಅಪ್ಪಾ."

"ಎರಡು ವರ್ಷ ಅಲ್ಲಿದ್ದು ಅದೊಂದು ಸೂಜಿ ಕಲೀಲಿಲ್ವಾ?"

ಆ ವಾರವೇ ಕುಸುಮಾ ಬಟ್ಟೆಬರೆ ಕಟ್ಟಿಕೊಂಡು ಮನೆಯಿಂದ ಹೊರಟಳು. ಹೊನ್ನಾವರದಲ್ಲಿ ಒಂದು ಕೋಣೆ ಹಿಡಿದಳು. ಹತ್ತಿರದ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಗುತ್ತಿಗೆಯ ಮೇಲೆ ಕೆಲಸ ಸಿಕ್ಕಿತು. ಎಂಬಿಬಿಎಸ್ ಆದವರಿಗೆ ಹೆರಿಗೆಯ ಅರಿವಳಿಕೆ ಕಲಿಸುವ ತರಬೇತಿ ಶುರುವಾಗಿದೆಯೆಂದು ಕೇಳಿ ಅದಕ್ಕೂ ಹೋಗಿ ವಿಚಾರಿಸಿದಳು. ಅದು ಕಾಯಂ ನೌಕರರಿಗೆ ಮಾತ್ರ ಎಂದರು.

ಈಗ ದಿನಾ ಜ್ವರ, ಕೆಮ್ಮು, ನಾಯಿ ಕಡಿತ. ಸಾಲು ದೊಡ್ಡದಾದರೆ ಅವಳಿಗೆ ಸಿಟ್ಟು ಬೇಗ ಬರುತ್ತದೆ. ಬಾಯಿ ಜೋರು, ಕೈಗುಣ ಅಡ್ಡಿಲ್ಲ ಎನ್ನುತ್ತಾರೆ ಜನ. ಇಂಗ್ಲೆಂಡಿಗೆ ಹೋಗುವ ದಾರಿ ಕೇಳಿಕೊಂಡು ಯಾರಾದರೂ ಹೊಸ ಡಾಕ್ಟರು ಬಂದರೆ ಕುರ್ಚಿ ಕೊಡುವುದಿಲ್ಲ. ತಾನು ಅಲ್ಲಿ ನಿಂತಂತೆ ಗೋಡೆಯ ಪಕ್ಕ ನಿಲ್ಲಿಸಿಯೇ ಮಾತಾಡಿಸಿ ಕಳಿಸುತ್ತಾಳೆ.